ನಮ್ಮ ಕೊಡ ಕಪ್ಪಾದ ವರ್ಷ

ತಾಮ್ರದ ಕೊಡಕ್ಕೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಥಳಥಳ ಹೊಳೆಯುತ್ತದೆ ಎಂದು ನಿಮ್ಮ ತಾಯಿ ನಿಮಗೆ ಹೇಳಿಕೊಟ್ಟಿರುತ್ತಾಳೆ. ನಿಮ್ಮ ಊರಿನಲ್ಲಿ ಅದು ನಿಜವಿರಬಹುದು. ನಮ್ಮ ಊರಿನಲ್ಲಿ ಹಾಗೆ ತಿಕ್ಕಿದ ಕೊಡ ಮಧ್ಯಾಹ್ನದ ಊಟದವರೆಗೆ ಹೊಳೆದರೆ ಹೆಚ್ಚು. ಊಟಕ್ಕೆ ಕೂತಾಗ ಅತ್ತೆ ಪಲ್ಯ ಬಾಯಿಗಿಟ್ಟು, ಮುಖ ಸಿಂಡರಿಸಿ, ಏನೂ ಹೇಳದೆ ನುಂಗಿದಳೆನ್ನಿ. ಪಲ್ಯ ಹೊಟ್ಟೆಗೆ ಹೋಗುತ್ತದೆ, ಮಾತು ಕೊಡಕ್ಕೆ ಹೋಗುತ್ತದೆ. ಸೊಸೆ ನೀರು ತರಲು ಎದ್ದಾಗ ಕೊಡದ ಮೇಲೆ ಹೆಬ್ಬೆಟ್ಟಿನಷ್ಟು ಕಪ್ಪು ಕೂತಿರುತ್ತದೆ. ಉಪ್ಪು ಹೆಚ್ಚಾಯಿತೇನು ಅತ್ತೆ ಎಂದು ಅವಳು ಕೇಳುತ್ತಾಳೆ. ಅತ್ತೆ ಹೌದು ಎಂದರೆ ಕಪ್ಪು ಹೋಗುತ್ತದೆ. ಇಲ್ಲ ಎಂದರೆ ಹೆಬ್ಬೆಟ್ಟಿನಷ್ಟು ಇದ್ದದ್ದು ಅಂಗೈಯಷ್ಟಾಗುತ್ತದೆ. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಊರಿನಲ್ಲಿ ಹಾಲು ಯಾಕೆ ಉಕ್ಕುತ್ತದೆ ಎಂದು ನಾನೇನು ಕೇಳಲು ಬಂದಿದ್ದೇನೆಯೇ?

ನಮ್ಮವರು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಯಿತು. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಚಹಾ ಕುದಿಯುವುದರೊಳಗೆ, ಮನೆಮಂದಿ ಒಬ್ಬರಿಗೊಬ್ಬರು ಹೇಳುವುದನ್ನು ಹೇಳಿ ಮುಗಿಸುತ್ತಾರೆ. ನಿನ್ನ ಗೊರಕೆಗೆ ಕಣ್ಣು ಹತ್ತಲಿಲ್ಲ, ನಿನ್ನ ತಮ್ಮ ಬಂದರೆ ಹೊರಡುವ ಮಾತೇ ಆಡುವುದಿಲ್ಲ, ಹೀಗೆ. ಆಮೇಲೆ ಚಹಾ ರುಚಿಯಾಗಿರುತ್ತದೆ. ಸಂತೆಯಲ್ಲಿ ಬದನೆಕಾಯಿ ಮಾರುವವಳು ಇವು ಹುಳುಕು ಎಂದು ತಾನೇ ಹೇಳುತ್ತಾಳೆ, ಹೇಳಿಯೂ ಮಾರುತ್ತಾಳೆ, ಕೊಂಡವರು ಅವಳನ್ನು ಬೈದುಕೊಳ್ಳುತ್ತ ಹೆಚ್ಚುತ್ತಾರೆ. ಯಾರಾದರೂ ಸತ್ತರೆ ಹೆಣ ಎತ್ತುವ ಮೊದಲು ನೆಂಟರು ಒಬ್ಬೊಬ್ಬರಾಗಿ ಹೋಗಿ, ಉಳಿದಿದ್ದ ಮಾತನ್ನು ಹೆಣದ ಕಿವಿಯಲ್ಲಿ ಹೇಳಿ ಬರುತ್ತಾರೆ. ನನ್ನ ಸೋದರಮಾವ ಸತ್ತಾಗ ಆ ಸಾಲು ಓಣಿಯ ತಿರುವು ದಾಟಿತ್ತು. ಸ್ಟೀಲಿನ ಕೊಡ ತಂದಿಟ್ಟುಕೊಂಡರೆ ಈ ರಗಳೆಯೇ ಇರುವುದಿಲ್ಲವಲ್ಲ ಎಂದು ಹೊರಗಿನವರು ಬುದ್ಧಿ ಹೇಳುತ್ತಾರೆ. ತರಬಹುದು, ಯಾರೂ ಬೇಡ ಎನ್ನುವುದಿಲ್ಲ. ಆದರೆ ಸ್ಟೀಲಿನ ಕೊಡ ಇಟ್ಟವರ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಅಷ್ಟು ದೊಡ್ಡದನ್ನು ಏನು ಮುಚ್ಚಿಟ್ಟಿದ್ದಾರೋ ಎಂದು ದಾರಿಯಲ್ಲಿ ನಿಂತು ಮಾತನಾಡಿಕೊಳ್ಳುತ್ತಾರೆ.

ಹಾಗೆಂದು ನಮ್ಮೂರಿನವರೆಲ್ಲ ಮನಸ್ಸು ಬಿಚ್ಚಿ ಮಾತನಾಡುವ ಸತ್ಯವಂತರು ಎಂದು ತಿಳಿಯಬೇಡಿ. ಹೇಳುವುದಕ್ಕಿಂತ ತಿಕ್ಕುವುದು ಸುಲಭ ಎನ್ನುವವರೇ ಹೆಚ್ಚು. ಮಕ್ತುಮಸಾಬನ ಕಿರಾಣಿ ಅಂಗಡಿಯಲ್ಲಿ ಹುಣಸೆಹಣ್ಣು ಹೋದಷ್ಟು ಜೋಳ ಹೋಗುವುದಿಲ್ಲ. ಅವನು ತಕ್ಕಡಿ ಎತ್ತಿ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಾನೆ, ಸಾರಿಗೋ ಕೊಡಕ್ಕೋ ಎಂದು. ಎಲ್ಲರೂ ಸಾರಿಗೆ ಎನ್ನುತ್ತಾರೆ. ನಮ್ಮೂರಿನಷ್ಟು ಸಾರು ಕುಡಿಯುವ ಊರು ಭೂಮಿಯ ಮೇಲೆ ಇನ್ನೊಂದಿಲ್ಲ. ನಾನು ಅಲ್ಲಿ ನಿಂತಿದ್ದರೆ, ಸುಳ್ಳು ಹೇಳಬೇಡ, ನಿನ್ನ ಮುಖ ನೋಡಿದರೇ ಗೊತ್ತಾಗುತ್ತದೆ ಎಂದು ಅಂದುಬಿಡುತ್ತಿದ್ದೆ. ನಾನಂತೂ ಆ ಅಂಗಡಿಗೆ ಬೆಲ್ಲಕ್ಕೆ ಹೋಗಿದ್ದೇನೆ, ಎಣ್ಣೆಗೆ ಹೋಗಿದ್ದೇನೆ, ಹುಣಸೆಹಣ್ಣಿಗೆ ಹೋದವಳಲ್ಲ. ನಮ್ಮ ಮನೆಯಲ್ಲಿ ಸಾರಿಗೂ ಅದು ಬೇಡ. ನನ್ನ ಗಂಡನಿಗೆ ಹುಣಸೆಯ ಹುಳಿ ಆಗಿಬರುವುದಿಲ್ಲ, ಒಣಗಿಸಿದ ಮಾವಿನಕಾಯಿ ಹೋಳು ಹಾಕುತ್ತೇನೆ. ಇದನ್ನು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಕೊಡದ ಕಪ್ಪು ಬರೀ ಮಾನದ ಮಾತಾಗಿದ್ದರೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಅದು ನೀರಿನ ಮಾತು. ನಮ್ಮೂರ ಕೆರೆಗೆ ಇರುವುದು ಒಂದೇ ತೂಬು. ತೂಬಿನ ಬಾಗಿಲು ದಪ್ಪ ಮರದ ಹಲಗೆಯದು. ಅದನ್ನು ಎತ್ತಿ ಇಳಿಸಲು ತೋಳುದ್ದದ ಕಬ್ಬಿಣದ ಕೀಲಿ ಇದೆ. ಆ ಕೀಲಿ ಯಾರ ಮನೆಯ ಗೋಡೆಗೆ ತೂಗುತ್ತದೋ ಅವರು ಹೇಳಿದ ಹೊಲಕ್ಕೆ ನೀರು ಹೋಗುತ್ತದೆ. ಹಿಂಗಾರಿ ಮಳೆ ನಿಂತ ಮೇಲಿನ ಮೊದಲ ಸೋಮವಾರ ಎಲ್ಲರೂ ತಮ್ಮ ಕೊಡವನ್ನು ಮನೆಮುಂದಿನ ಕಟ್ಟೆಯ ಮೇಲೆ ಇಡಬೇಕು. ಊರಿಗೆ ಹಿರಿಯನಾದ ತಿಪ್ಪಣ್ಣಜ್ಜ ನಾಲ್ಕು ಜನರನ್ನು ಕಟ್ಟಿಕೊಂಡು, ಯಾವ ಹೊತ್ತಿಗೆ ಮನಸ್ಸು ಬಂದರೆ ಆ ಹೊತ್ತಿಗೆ ನೋಡುತ್ತ ಬರುತ್ತಾನೆ. ಯಾರ ಕೊಡ ಎಲ್ಲಕ್ಕಿಂತ ಹೊಳೆಯುತ್ತದೋ ಆ ವರ್ಷದ ಕೀಲಿ ಅವರದು. ಮಾತು ನುಂಗುವವನು ನೀರನ್ನೂ ನುಂಗುತ್ತಾನೆ ಎಂಬುದು ಹಿಂದಿನವರ ಲೆಕ್ಕಾಚಾರ.

ಆ ಕೀಲಿ, ನಾನು ಈ ಮನೆಗೆ ಬಂದ ಮರುವರ್ಷದಿಂದ, ನಮ್ಮ ಪಡಸಾಲೆಯ ಗೋಡೆ ಬಿಟ್ಟು ಕದಲಿರಲಿಲ್ಲ. ಯಾಕೆಂದರೆ ನಾನು ಕಲ್ಲವ್ವ. ಕೆಲವರಿಗೆ ಹೊಟ್ಟೆಯಲ್ಲಿ ಹಾಲು ನಿಲ್ಲುವುದಿಲ್ಲ, ನನಗೆ ಮಾತು ನಿಲ್ಲುವುದಿಲ್ಲ. ಮಾಸ್ತರರು ಮೂರನೆಯ ಇಯತ್ತೆಯಲ್ಲಿ ನನ್ನ ಕಿವಿ ಹಿಂಡಿದಾಗ, ಅವರ ಧೋತರ ಹಿಂದೆ ಹರಿದಿದೆ ಎಂದು ಇಡೀ ಸಾಲೆಗೆ ಕೇಳುವಂತೆ ಹೇಳಿದವಳು. ನಮ್ಮ ಕೊಡ ಬೂದಿ ಕಾಣದೆ, ನಿಂಬೆಹಣ್ಣು ಕಾಣದೆ, ಬರೀ ನೀರಲ್ಲಿ ತೊಳೆದು ಬೋರಲು ಹಾಕಿದರೂ ಹೊತ್ತು ಹುಟ್ಟಿದ ಹಾಗೆ ಹೊಳೆಯುತ್ತಿತ್ತು. ಬೇರೆಯವರ ಮನೆಯ ಕಪ್ಪು ಹೋಗದಿದ್ದರೆ ನನಗೆ ಹೇಳಿಕಳಿಸುತ್ತಿದ್ದರು. ಮೇಲಿನ ಓಣಿಯ ಅಣ್ಣತಮ್ಮಂದಿರ ಕೊಡ ಹಂಚಿನಂತಾಗಿತ್ತು. ಹೋಗಿ ನಡುಮನೆಯಲ್ಲಿ ನಿಂತು, ನಿನ್ನ ತಮ್ಮನಿಗೆ ನೀನು ಅಪ್ಪನ ಎತ್ತು ಮಾರಿದ್ದು ಹೊಟ್ಟೆಯಲ್ಲಿ ಉರಿಯುತ್ತಿದೆ ಎಂದು ಅಣ್ಣನಿಗೂ, ನಿನ್ನ ಹೆಂಡತಿಯ ಕೈರುಚಿಗೆ ನಿನ್ನ ಅಣ್ಣ ಹೆದರುತ್ತಾನೆ ಎಂದು ತಮ್ಮನಿಗೂ ಹೇಳಿದೆ. ಎರಡು ಪಾತ್ರೆ ಒಡೆದವು, ಕೊಡ ಬೆಳಗಿತು. ಅವರು ಒಂದು ಅಚ್ಚು ಬೆಲ್ಲ ಕೊಟ್ಟು ಕಳಿಸಿದರು. ಇನ್ನು ಸದ್ಯಕ್ಕೆ ಬರುವುದು ಬೇಡ ಎಂದೂ ಹೇಳಿದರು. ಅದನ್ನೂ ಬಾಯಿಬಿಟ್ಟೇ ಹೇಳಬೇಕಾಯಿತು, ಕೊಡ ಮುಂದೆಯೇ ಇತ್ತಲ್ಲ.

ಮನೆಯಲ್ಲಿ ಇರುವವರು ನಾನು, ನನ್ನ ಗಂಡ ಮಾನಪ್ಪ, ಇಬ್ಬರೇ. ಅವನು ಬಡಿಗ. ಊರಿನ ಅರ್ಧ ಬಾಗಿಲುಗಳು ಅವನ ಕೈಯವು. ಮಾತು ಕಡಿಮೆ. ಅವನು ಅರ್ಧ ಹೇಳುವುದರೊಳಗೆ ನನಗೆ ಪೂರ್ತಿ ತಿಳಿಯುತ್ತಿತ್ತು, ಅವನಿಗೆ ತೊಂದರೆ ಯಾಕೆ ಎಂದು ಉಳಿದದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಕೀಲಿ ನನ್ನ ಹೆಸರಿನಲ್ಲಿ ಇದ್ದರೂ ತಿರುವುತ್ತಿದ್ದವನು ಅವನೇ. ನಾನು ಕೆರೆಯ ಏರಿಯ ಮೇಲೆ ನಿಂತು, ಇವತ್ತು ಯಾರ ಹೊಲಕ್ಕೆ, ಎಷ್ಟು ಹೊತ್ತು ಎಂದು ಕೂಗಿ ಹೇಳುತ್ತಿದ್ದೆ. ಅವನು ಕೆಳಗೆ ಇಳಿಯುತ್ತಿದ್ದ. ಹೋದ ವರ್ಷವಂತೂ ನೀರು ಬಿಟ್ಟ ದಿನವೆಲ್ಲ ಕುತ್ತಿಗೆವರೆಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದ. ಕೀಲಿ ತಿರುವುವವನಿಗೆ ಅಷ್ಟು ಕೆಸರು ಯಾಕೆ, ನನ್ನ ಕೈ ಧೋತರ ಒಗೆಯುವುದಕ್ಕೇ ಹುಟ್ಟಿದೆಯೇ ಎಂದು ಬೈಯುತ್ತಿದ್ದೆ. ಬೆನ್ನು ಹಿಡಿದುಕೊಂಡು ಕೂತರೆ, ವಯಸ್ಸಾಯಿತು, ಎಣ್ಣೆ ತಿಕ್ಕಿಕೋ ಎನ್ನುತ್ತಿದ್ದೆ. ಅವನು ತಿಕ್ಕಿಕೊಳ್ಳುತ್ತಿದ್ದ.

ನಮ್ಮ ಕೊಡ ಹೊಳೆಯುವುದನ್ನು ಕಂಡು ಕೊರಗುತ್ತಿದ್ದವನು ಅರಿವೆ ಅಂಗಡಿಯ ಪದ್ಮರಾಜ. ನಮ್ಮೂರಿನ ಅತಿ ಮೃದು ಮನುಷ್ಯ. ಯಾರಿಗೂ ಇಲ್ಲ ಎಂದವನಲ್ಲ, ಯಾರಿಗೂ ಹೋಗು ಎಂದವನಲ್ಲ. ಅವನ ಮನೆಯ ಕೊಡ ಮಾತ್ರ ಅಮಾವಾಸ್ಯೆ. ತಿಕ್ಕಿ ತಿಕ್ಕಿ ಅವನ ಹೆಂಡತಿ ಚಂದನಬಾಲೆಯ ಬೆರಳ ತುದಿಗಳು ಮುದುಡಿಹೋಗಿದ್ದವು. ಅವಳೂ ಅವನಷ್ಟೇ ಮೃದು, ಹಾಗಾಗಿ ಕಪ್ಪಿಗೆ ಎರಡೂ ಕಡೆಯಿಂದ ಮೇವು. ಕೊಡ ಹೀಗಿರುವವನು ಬಟ್ಟೆಯ ಅಳತೆಯನ್ನಾದರೂ ಸರಿಯಾಗಿ ಹೇಳುತ್ತಾನೆಯೇ ಎಂದು ಜನ ಅವನ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಒಂದೇ ಒಂದು ವರ್ಷ ಕೀಲಿ ತನ್ನ ಗೋಡೆಗೆ ಬಂದರೆ ಸಾಕು ಎಂದು ಅವನಿಗೆ ಆಸೆ. ಆ ವರ್ಷ ಮಳೆ ಶುರುವಾಗುವ ಮೊದಲು ಅವನು ಮಾಲು ತರಲು ಪಟ್ಟಣಕ್ಕೆ ಹೋಗಿ ಬಂದ. ಅರಿವೆಯ ಗಂಟಿನ ನಡುವೆ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಏನಿತ್ತು ಎಂಬುದು ಆಮೇಲೆ ತಿಳಿಯಿತು.

ಅದೇ ಮಳೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಕೊಡದ ಒಂದು ಮಗ್ಗುಲು ಕಪ್ಪಾಗಿತ್ತು. ಹೊಗೆ ತಾಗಿರಬೇಕು ಎಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ನನಗೆ ಗಾಬರಿಗಿಂತ ಸಿಟ್ಟು ಹೆಚ್ಚು ಬಂತು. ನಾನು ಹೇಳದೆ ಬಿಟ್ಟ ಮಾತು ಯಾವುದಿದೆ? ಆದರೂ ಇರಲಿ ಎಂದು ಸೆರಗು ಬಿಗಿದು ಊರಿಗೆ ಹೊರಟೆ. ಹಾಲಿನವನಿಗೆ ನೀನು ಹಾಕುವ ನೀರಾದರೂ ಶುದ್ಧವಾಗಿರಲಿ ಎಂದು ಹೇಳಿದೆ. ಅಂಚೆಯವನಿಗೆ ಅವನ ಹೊಸ ಮೀಸೆ ಬಾಡಿಗೆಗೆ ತಂದ ಹಾಗಿದೆ ಎಂದೆ. ತಿಪ್ಪಣ್ಣಜ್ಜನಿಗೆ, ನೀನು ಹೇಳುವ ಹುಲಿ ಕಥೆಯಲ್ಲಿ ಹುಲಿ ವರ್ಷಕ್ಕೆ ಒಂದು ಮೊಳ ಬೆಳೆಯುತ್ತಿದೆ ಎಂದು ಹೇಳಿದೆ. ಸತ್ತ ಅತ್ತೆಯ ಫೋಟೋದ ಮುಂದೆಯೂ ನಿಂತು, ನೀನು ನನಗೆ ಕೊಟ್ಟ ಬಳೆ ಹಿತ್ತಾಳೆಯದು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು ಎಂದೆ. ಅದನ್ನು ಅವಳು ಬದುಕಿದ್ದಾಗಲೂ ಹೇಳಿದ್ದೆ. ಮನೆಗೆ ಬಂದು ನೋಡಿದರೆ ಕಪ್ಪು ಒಂದು ಕೂದಲಷ್ಟೂ ಸರಿದಿರಲಿಲ್ಲ, ಊರವರ ಮುಖ ಮಾತ್ರ ಕಪ್ಪಾಗಿತ್ತು.

ಹಾಗಾದರೆ ಇದು ಇವನದೇ ಎಂದು ಮಾನಪ್ಪನನ್ನು ಎದುರಿಗೆ ಕೂರಿಸಿಕೊಂಡೆ. ಏನಿದೆ ಹೇಳು, ಸಾರು ಹಿಡಿಸಲಿಲ್ಲವೇ, ಹಿಡಿಸದಿದ್ದರೆ ಎರಡು ಸಲ ಯಾಕೆ ಬಡಿಸಿಕೊಳ್ಳುತ್ತೀ, ನನ್ನ ತಂಗಿ ಬಂದು ಹೋದದ್ದೇ, ಅವಳು ಬಂದರೆ ನಿನಗೇನು ಕಷ್ಟ, ನಿನ್ನ ಅಕ್ಕ ಬಂದಾಗ ನಾನು ಹೋಳಿಗೆ ಮಾಡಲಿಲ್ಲವೇ, ಎಂದು ಎಲ್ಲವನ್ನೂ ಒಂದೊಂದಾಗಿ ಕೇಳಿದೆ. ಅವನು ಬಾಯಿ ತೆರೆದ. ತೂಬಿಂದು ಎಂದ. ಎಣ್ಣೆ ಹಾಕಬೇಕು, ಗೊತ್ತು, ಪ್ರತಿ ವರ್ಷ ಹಾಕುವುದೇ, ಅದನ್ನು ಈಗ ಯಾಕೆ ತೆಗೆಯುತ್ತೀ ಎಂದೆ. ಅವನು ಬಾಯಿ ಮುಚ್ಚಿದ. ಕೊಡ ನಮ್ಮ ಕಣ್ಣೆದುರಿಗೇ ಇನ್ನೊಂದು ಬೆರಳು ಕಪ್ಪಾಯಿತು. ನೋಡು, ಇಷ್ಟು ಕೇಳಿದರೂ ಹೇಳುವುದಿಲ್ಲ ಎಂದು ನಾನು ಎದ್ದುಹೋದೆ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ತಾಯವ್ವನದು. ವಯಸ್ಸಾದ ಹೆಂಗಸು, ಬತ್ತಿ ಹೊಸೆಯುತ್ತ ಕೂತಿರುತ್ತಾಳೆ. ಅವಳ ಮುಂದೆ ಹೋಗಿ, ಇಂಥ ಗಂಡನನ್ನು ಕಟ್ಟಿಕೊಂಡು ಕೀಲಿ ಕಳೆದುಕೊಳ್ಳುವ ಕಾಲ ಬಂತು ಎಂದು ಹೇಳಿಕೊಂಡೆ. ಅವಳು ಬತ್ತಿಯ ತುದಿ ಎಂಜಲು ಮಾಡಿ ಹೊಸೆದಳು.

'ನಿನ್ನ ಗಂಡನ ದನಿ ಹೆಂಗೈತಿ ಅಂತ ನನಗ ಗೊತ್ತ ಇಲ್ಲ ಕಲ್ಲವ್ವ,' ಎಂದಳು. 'ಈ ಗ್ವಾಡಿಗೆ ಬೆನ್ನ ಹಚ್ಚಿ ಕುಂತು ಎಷ್ಟ ವರ್ಷ ಆತು. ಅಂವ ಅರ್ಧ ಹೇಳ್ತಾನ. ಉಳದರ್ಧ ನೀನ ಹೇಳ್ತಿ. ಅವನ ಆ ಅರ್ಧ ಎಲ್ಲಿ ಹೋಗಬೇಕ?'

ನಾನು ಅವಳಿಗೆ ನಾಲ್ಕು ಮಾತು ಅಂದು ಮನೆಗೆ ಬಂದೆ. ಆದರೆ ಮಾತು ಕಿವಿಯಲ್ಲಿ ಹೊಕ್ಕ ಮೇಲೆ ಇರುವೆ ಹೊಕ್ಕ ಹಾಗೆ. ಮರುದಿನ ಬೆಳಿಗ್ಗೆಯಿಂದ ಸುಮ್ಮನಿದ್ದು ನೋಡೋಣ ಎಂದು ನಿರ್ಧರಿಸಿದೆ. ಸುಮ್ಮನಿರುವುದು ಎಂದರೆ ಏನೂ ಮಾಡದಿರುವುದು ಎಂದು ತಿಳಿದಿದ್ದೆ. ಅದು ಬಾವಿಯಿಂದ ನೀರು ಸೇದುವುದಕ್ಕಿಂತ ಕಷ್ಟದ ಕೆಲಸ. ಮಾನಪ್ಪ ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದ, ನಾನು ಸುಮ್ಮನಿದ್ದೆ. ಚಹಾವನ್ನು ಸೊರ್ ಎಂದು ಹೀರಿದ, ಸುಮ್ಮನಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೊಡದ ಇನ್ನೊಂದು ಮಗ್ಗುಲೂ ಕಪ್ಪಾಗಿತ್ತು. ಇದು ನನ್ನದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದೊಂದು ಚುಕ್ಕೆಗೂ ಇದು ಟವೆಲ್, ಇದು ಚಹಾ ಎಂದು ಹೆಸರು ಹೇಳಬಹುದಿತ್ತು. ನಾನು ಮಾತನಾಡಿದರೆ ಅವನ ಮಗ್ಗುಲು ಕಪ್ಪು, ಸುಮ್ಮನಿದ್ದರೆ ನನ್ನದು. ಒಂದು ಕೊಡದಲ್ಲಿ ಇಬ್ಬರು ನೀರು ಕುಡಿಯಬಹುದು, ಇಬ್ಬರು ಹೊಳೆಯುವುದು ಸಾಧ್ಯವಿಲ್ಲ ಎಂದು ಅವತ್ತು ತಿಳಿಯಿತು.

ಅವನು ನನಗೆ ಜ್ವರ ಬಂದಿದೆ ಎಂದು ತಿಳಿದ. ಹಣೆ ಮುಟ್ಟಿ ನೋಡಿದ. ಶುಂಠಿ ಕಷಾಯ ಮಾಡಿ ತಂದ. ಬೆಲ್ಲ ಹಾಕುವುದನ್ನು ಮರೆತಿದ್ದ. ನಾನು ಅದನ್ನೂ ಹೇಳದೆ ಕುಡಿದೆ. ಓಣಿಯವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಇಣುಕಿ, ಬದುಕಿದ್ದೇನೆಯೇ ಎಂದು ನೋಡಿಕೊಂಡು ಹೋದರು. ನನ್ನ ಗಂಡ ಮಾತ್ರ ಬಾಯಿ ಬಿಡಲಿಲ್ಲ. ಬಿಡುತ್ತಿದ್ದ, ತೂಬಿಂದು ಎನ್ನುತ್ತಿದ್ದ, ಆಮೇಲೆ ನಿಲ್ಲುತ್ತಿದ್ದ. ಉಳಿದದ್ದನ್ನು ನಾನು ಹೇಳಲಿ ಎಂದು ಜಾಗ ಬಿಟ್ಟು ಕಾಯುತ್ತಿದ್ದ. ಇಷ್ಟು ವರ್ಷದ ರೂಢಿ ಅದು, ಬಡಿಗ ಹಲಗೆ ಹಿಡಿದರೆ ಇನ್ನೊಂದು ತುದಿ ಯಾರಾದರೂ ಹಿಡಿಯುತ್ತಾರೆ ಎಂದು ಕಾಯುವ ಹಾಗೆ. ನಾನು ಹಿಡಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಉಳಿ ಎತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ನಾನು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದೆ.

ಹೀಗೇ ಕೊಡ ಇಡುವ ಸೋಮವಾರ ಬಂತು. ಎರಡೂ ಮಗ್ಗುಲು ಕಪ್ಪಾದ ಕೊಡವನ್ನು ಕಟ್ಟೆಯ ಮೇಲೆ ಇಟ್ಟೆ. ಇಡುವಾಗ ಎದೆ ಹೇಗಿತ್ತು ಎಂದು ಹೇಳುವುದಿಲ್ಲ, ನಿಮಗೇ ಗೊತ್ತಾಗಬೇಕು. ಆ ಸಲ ಕೆರೆ ಕೋಡಿ ಮುಟ್ಟುವಷ್ಟು ತುಂಬಿತ್ತು, ಕೀಲಿಗೆ ಅಷ್ಟೇ ತೂಕ ಬಂದಿತ್ತು. ತಿಪ್ಪಣ್ಣಜ್ಜ ಬಂದ, ಅವನ ಹಿಂದೆ ಅರ್ಧ ಊರೇ ಬಂತು. ಕಲ್ಲವ್ವನ ಕೊಡ ಕಪ್ಪಂತೆ ಎಂಬ ಸುದ್ದಿ ಮೊದಲೇ ಹಬ್ಬಿತ್ತು. ಎಲ್ಲರ ಮುಖದಲ್ಲೂ ಮದುವೆ ಊಟದ ಖುಷಿ. ನಮ್ಮ ಮನೆಯ ಎದುರಿಗೇ ಪದ್ಮರಾಜನ ಮನೆ. ಅವನ ಕಟ್ಟೆಯ ಮೇಲೆ ಕೊಡ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಳೆಯುವುದು ಎಂದರೆ ನಮ್ಮ ಕೊಡ ಹಿಂದೆ ಹೊಳೆಯುತ್ತಿದ್ದ ಹಾಗಲ್ಲ, ಒದ್ದೆಯಾದ ಹಾಗೆ. ಜನ ಬಾಯಿ ತೆರೆದು ನಿಂತರು. ಪದ್ಮರಾಜ ಎಲ್ಲರಿಗೂ ಕೈ ಮುಗಿದ.

ನಾನು ದಾಟಿ ಹೋಗಿ ಬಗ್ಗಿ ನೋಡಿದೆ. ಕೊಡದ ಕುತ್ತಿಗೆಯ ಕೆಳಗೆ, ಹೊಳಪಿನ ಒಳಗೆ, ಒಂದು ಕೂದಲು ಸಿಕ್ಕಿಕೊಂಡಿತ್ತು. ಮನುಷ್ಯರ ಕೂದಲಲ್ಲ, ಕುಂಚದ್ದು. ಬಡಿಗನ ಹೆಂಡತಿಗೆ ವಾರ್ನಿಷ್ ಗೊತ್ತಿರುವುದಿಲ್ಲವೇ? ನನ್ನ ಗಂಡ ಬಾಗಿಲಿಗೆ ಹಚ್ಚುವುದನ್ನು ಇವನು ಕೊಡಕ್ಕೆ ಹಚ್ಚಿದ್ದ. ಅದರ ಕೆಳಗೆ ತಾಮ್ರ ಏನೇ ಕೇಳಿಸಿಕೊಂಡರೂ ಮೇಲೆ ಬರುವಂತಿರಲಿಲ್ಲ. ಒಂದು ಉಗುರು ಗೀರಿದರೆ ಸಾಕು, ಊರೆಲ್ಲ ನೋಡುತ್ತಿತ್ತು. ನಮ್ಮ ಕೊಡ ಕಪ್ಪೇ ಇರಬಹುದು, ಆದರೂ ಮೋಸದ ಕೊಡವಲ್ಲ. ಅಷ್ಟು ವರ್ಷದ ಹೆಸರಿಗೆ ಕೀಲಿ ನಮ್ಮಲ್ಲೇ ಉಳಿದರೂ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆ, ಎಷ್ಟೋ ದಿನದಿಂದ ತಡೆದಿಟ್ಟಿದ್ದ ಟವೆಲ್, ಚಹಾ, ಕಷಾಯ ಎಲ್ಲವೂ ಸಾಲಾಗಿ ನಿಂತಿದ್ದವು. ಬಾಯಿ ತೆರೆದೆ.

'ತೂಬಿಂದು,' ಎಂದ ಮಾನಪ್ಪ.

ನಮ್ಮ ಕಟ್ಟೆಯ ಹತ್ತಿರ ನಿಂತಿದ್ದವನು ಅಲ್ಲಿಂದಲೇ, ಅಷ್ಟು ಜನರ ಮುಂದೆ ಹೇಳಿದ್ದ. ಹೇಳಿ ಎಂದಿನಂತೆ ನಿಲ್ಲಿಸಿದ. ನನ್ನ ಮುಖ ನೋಡಿದ. ಊರೆಲ್ಲ ನನ್ನ ಮುಖ ನೋಡಿತು. ನಾನು ಒಂದು ಮಾತು ಆಡಿದರೆ ಅವನು ಬಾಯಿ ಮುಚ್ಚುತ್ತಾನೆ, ಆಮೇಲೆ ಅವನ ಅರ್ಧ ಯಾವತ್ತೂ ಹೊರಗೆ ಬರುವುದಿಲ್ಲ ಎಂದು ನನಗೆ ಆ ಕ್ಷಣದಲ್ಲಿ ಸೂರ್ಯನಷ್ಟು ಸ್ಪಷ್ಟವಾಗಿತ್ತು. ಎದುರಿಗೆ ವಾರ್ನಿಷ್ ಬಳಿದ ಕೊಡ, ಹಿಂದೆ ಅರ್ಧ ಮಾತಿನ ಗಂಡ. ನಾನು ತೆರೆದ ಬಾಯಿಯನ್ನು ಹಲ್ಲು ಕಚ್ಚಿ ಮುಚ್ಚಿದೆ. ನನ್ನ ಜನ್ಮದಲ್ಲಿ ನುಂಗಿದ ಅತಿ ದೊಡ್ಡ ತುತ್ತು ಅದು. ಅವನು ಕಾದ. ನಾನು ಕಾದೆ. ಕಡೆಗೆ, ಹಲಗೆಯ ಇನ್ನೊಂದು ತುದಿಯನ್ನು ತಾನೇ ಎತ್ತಬೇಕು ಎಂದು ಅವನಿಗೆ ತಿಳಿಯಿತು.

'ತೂಬಿನ ಹಲಗಿ ಲಡ್ಡಾಗೈತಿ,' ಎಂದ. 'ಇವತ್ತಿಂದಲ್ಲ, ಹೋದ ವರ್ಷದ್ದು. ಕೆಳಗಿನ ಮೂಲಿ ಮುಟ್ಟಿದ್ರ ಹಿಟ್ಟಿನಂಗ ಉದರತೈತಿ. ನೀರ ಬಿಟ್ಟಾಗೆಲ್ಲ ನಾ ಇಳದು ಬೆನ್ನ ಕೊಟ್ಟ ನಿಂದರತಿದ್ದೆ. ಇಲ್ಲಂದ್ರ ಬಾಗಲಾ ಕಿತಗೊಂಡ ಹೋಗತಿತ್ತು. ಈ ಸಲ ಕೆರಿ ತುಂಬೈತಿ. ಈ ಸಲದ್ದು ನನ್ನ ಬೆನ್ನಿಗೆ ಆಗೂದಿಲ್ಲ.'

ಕೆರೆಯ ಕೆಳಗೆ ಹೊಲ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ವರ್ಷವೇ ಯಾಕೆ ಬಾಯಿ ಬಿಡಲಿಲ್ಲ ಎಂದು ತಿಪ್ಪಣ್ಣಜ್ಜ ಕೇಳಿದ. ಮಾನಪ್ಪ ನನ್ನ ಕಡೆ ಇನ್ನೊಮ್ಮೆ ನೋಡಿದ. ದೂರುವ ನೋಟವಲ್ಲ ಅದು, ಅದಕ್ಕೇ ತಡೆದುಕೊಳ್ಳುವುದು ಕಷ್ಟವಾಯಿತು.

'ಹೋದ ವರ್ಷ ಬೆನ್ನಿಗೆ ಆಗತಿತ್ತು, ಹೇಳಬೇಕ ಅನಸಲಿಲ್ಲ. ಈ ಸಲ ಮಳಿ ಹಿಡದಾಗಿಂದ ಹೇಳಾಕ ಹತ್ತಿದ್ದೆ. ಇಕಿ ಮುಂದ ಅರ್ಧಕ್ಕ ನಿಲ್ಲತಿತ್ತು. ಊರ ಮುಂದ ಹೇಳಿದ್ರ ಇಕಿ ಹೆಸರ ಕೆಡತಿತ್ತು, ಕೀಲಿ ಇಕಿದು. ಒಡದ್ರೂ ಇಕಿ ಹೆಸರ ಕೆಡತಿತ್ತು. ಅದಕ್ಕ ನಿಂತೆ.'

ಅವನು ಹೇಳಿ ಮುಗಿಸುತ್ತಿದ್ದ ಹಾಗೆ ನಮ್ಮ ಕೊಡದ ಒಂದು ಮಗ್ಗುಲು ಬೆಳಗತೊಡಗಿತು. ಒಲೆಯ ಮೇಲಿಟ್ಟ ತುಪ್ಪ ಕರಗಿದ ಹಾಗೆ ಕಪ್ಪು ಕರಗಿ ಬುಡದವರೆಗೆ ಇಳಿಯಿತು. ಅಂಥ ಹೊಳಪನ್ನು ನಾನು ನಮ್ಮ ಕೊಡದಲ್ಲೇ ಎಂದೂ ನೋಡಿರಲಿಲ್ಲ. ಇನ್ನೊಂದು ಮಗ್ಗುಲು, ಅಂದರೆ ನನ್ನದು, ಆಡದ ಮಾತುಗಳಿಂದ ಕಬ್ಬಿಣದ ಬಾಣಲೆಯಂತೆ ಇತ್ತು. ತಿಪ್ಪಣ್ಣಜ್ಜ ಕೊಡವನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿ ನೋಡಿದ. ಅರ್ಧ ಹೊಳೆಯುವ ಕೊಡಕ್ಕೆ ಅರ್ಧ ಕೀಲಿ ಕೊಡಲು ಬರುವುದಿಲ್ಲ ಎಂದು ಹೇಳಿ, ರಸ್ತೆ ದಾಟಿ ಹೋದ. ನಮ್ಮ ಗೋಡೆಯಿಂದ ಕೀಲಿಯನ್ನು ಬಿಚ್ಚಿಕೊಟ್ಟವನು ಮಾನಪ್ಪನೇ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ ಪದ್ಮರಾಜ, ಇದರ ಯೋಗ್ಯತೆ ನನಗಿಲ್ಲ ಎಂದ. ನಿಜ ಹೇಳಿದ, ಆದರೆ ಮರ್ಯಾದೆಗೆ ಹೇಳಿದ್ದಾದ್ದರಿಂದ ಯಾರೂ ನಂಬಲಿಲ್ಲ.

ನಾನು ಅದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತೆ ಎಂದು ತಿಳಿಯಬೇಡಿ. ಮರುದಿನವೇ ಟವೆಲ್, ಚಹಾ, ಕಷಾಯ ಮೂರನ್ನೂ ಮಾನಪ್ಪನಿಗೆ ಹೇಳಿ ಮುಗಿಸಿದೆ. ಈ ಸಲ ಅವನು ಮಾತಿಗೆ ಮಾತು ಕೊಟ್ಟ. ಟವೆಲ್ ಮಂಚದ ಮೇಲೆ ಬಿದ್ದದ್ದು ಯಾಕೆಂದರೆ ಅದನ್ನು ಹಾಕುವ ಹಗ್ಗ ಹರಿದಿದೆ ಎಂದು ಹೇಳಿದ. ಆಮೇಲೆ ಪದ್ಮರಾಜನ ಮನೆಗೆ ಹೋಗಿ ಕುಂಚದ ಕೂದಲಿನ ಮಾತೆತ್ತಿದೆ. ಅವನು, ನೀವು ಹೇಳುವುದು ನೂರಕ್ಕೆ ನೂರು ಖರೆ ಎಂದು ಒಪ್ಪಿಕೊಂಡು ಚಹಾ ಕೊಡಿಸಿದ. ತಿಪ್ಪಣ್ಣಜ್ಜನಿಗೂ ಹೇಳಿದೆ. ಕೊಡ ಹೊಳೆಯಬೇಕು ಎಂದು ಹಿರಿಯರು ಹೇಳಿದ್ದಾರೆ, ಯಾವುದರಿಂದ ಹೊಳೆಯಬೇಕು ಎಂದು ಹೇಳಿಲ್ಲ, ಇದ್ದರೆ ತೋರಿಸು ಎಂದ. ನನ್ನ ಮಾತಿಗೆ ಅವನ ಹುಲಿ ಇನ್ನೂ ಗುರುಗುಟ್ಟುತ್ತಿತ್ತು. ಮಾನಪ್ಪ ಮತ್ತಿ ಮರದ ಹೊಸ ಹಲಗೆ ಕೊಯ್ದು ತೂಬಿಗೆ ಹಾಕಿದ. ಹಳೆಯ ಹಲಗೆಯನ್ನು ನಾನೇ ಹೋಗಿ ನೋಡಿದೆ. ಮುಟ್ಟಿದರೆ ಬೆರಳು ಒಳಗೆ ಹೋಯಿತು. ಅದರ ನಡುವೆ ಒಂದು ಜಾಗ ಮಾತ್ರ ಕೆಸರಿನ ಕೆಳಗೆ ನುಣ್ಣಗೆ ತಿಕ್ಕಿದ ಹಾಗಿತ್ತು. ಒಬ್ಬ ಮನುಷ್ಯನ ಬೆನ್ನಿನಷ್ಟು ಜಾಗ.

ಈಗ ಕೀಲಿ ಪದ್ಮರಾಜನ ಕೈಯಲ್ಲಿದೆ. ಅವನಿಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲವಲ್ಲ, ಒಂದೇ ಹೊತ್ತಿನ ನೀರನ್ನು ಕೇಳಿದವರಿಗೆಲ್ಲ ಕೊಡುತ್ತೇನೆ ಎಂದಿದ್ದಾನೆ. ಹೊಲದವರು ಬಂದು, ನೀನಾದರೂ ಹೋಗಿ ಅವನನ್ನು ಬೈದು ಬಾ ಎಂದು ನನ್ನನ್ನು ಬೇಡುತ್ತಾರೆ. ಅವನ ಹೆಂಡತಿ ಚಂದನಬಾಲೆಯೂ ಒಂದು ದಿನ ಬಂದಳು. ಬೆರಳು ಚೆನ್ನಾಗಿವೆ ಈಗ, ತಿಕ್ಕುವ ಕೆಲಸ ತಪ್ಪಿದೆ. ಕಟ್ಟೆಯ ಮೇಲೆ ಕೂತು, ನಮ್ಮ ಕೊಡದ ಕಪ್ಪನ್ನು ತುಂಬ ಹೊತ್ತು ನೋಡಿದಳು.

'ಮೊದಲ ಕೊಡ ಕಪ್ಪಾಗತಿತ್ತು,' ಎಂದಳು. 'ನನಗ ಏನೋ ಆಗೈತಿ ಅಂತ ಅಷ್ಟರ ಅವರಿಗೆ ಗೊತ್ತಾಗತಿತ್ತು. ಈಗ ಅದೂ ಇಲ್ಲ.'

ಅವಳು ನೋಡಿದ ಕಪ್ಪು ನನ್ನ ಮಗ್ಗುಲಿನದೇ. ಎಲ್ಲ ಹೇಳಿದ ಮೇಲೂ ಅಂಗೈಯಷ್ಟು ಉಳಿದಿದೆ. ಯಾವ ಮಾತಿನದು ಎಂದು ನನಗೆ ಗೊತ್ತು. ಬೈಗುಳವಾಗಿದ್ದರೆ ಇಷ್ಟು ಹೊತ್ತಿಗೆ ಹೇಳಿ, ಮರೆತೂ ಬಿಡುತ್ತಿದ್ದೆ. ಇದು ಆ ಜಾತಿಯದಲ್ಲ. ಅವನು ಬೆನ್ನಿಗೆ ಎಣ್ಣೆ ತಿಕ್ಕಿಕೊಳ್ಳಲು ಕೂತಾಗ ಹತ್ತಿರ ಹೋಗುತ್ತೇನೆ. ಅಲ್ಲಾ, ಆ ತೂಬಿನಲ್ಲಿ ನೀನು, ಎಂದು ಶುರು ಮಾಡುತ್ತೇನೆ. ಅಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಅವನು ಹೇಳಬಹುದು, ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೇಳುವುದಿಲ್ಲ. ಎಣ್ಣೆಯ ಬಟ್ಟಲು ಹಿಡಿದು ಕೂತು, ನನ್ನ ಅರ್ಧಕ್ಕೆ ಜಾಗ ಬಿಟ್ಟು ಕಾಯುತ್ತಾನೆ. ಕಲಿಸಿದವಳು ನಾನೇ. ಎಣ್ಣೆ ಚೆಲ್ಲೀತು, ನೆಟ್ಟಗೆ ಹಿಡಿ ಎಂದು ಹೇಳಿ ಎದ್ದು ಬರುತ್ತೇನೆ. ಕಪ್ಪು ಹಾಗೇ ಇರುತ್ತದೆ. ಅವನು ಬೆಳಿಗ್ಗೆ ನೀರು ಕುಡಿಯಲು ಬಗ್ಗಿದಾಗ ಅದನ್ನು ನೋಡುತ್ತಾನೆ, ಏನೂ ಕೇಳುವುದಿಲ್ಲ, ಮೀಸೆಯ ಒಳಗೇ ನಕ್ಕ ಹಾಗೆ ಏನೋ ಮಾಡಿಕೊಳ್ಳುತ್ತಾನೆ.

ನಿನ್ನೆ ಮಕ್ತುಮಸಾಬನ ಅಂಗಡಿಗೆ ಹೋದೆ. ಅಂಗಡಿ ತುಂಬ ಜನ. ಬೆಲ್ಲ ಕೇಳಿದೆ, ಎಣ್ಣೆ ಕೇಳಿದೆ, ಬೇಡವಾಗಿದ್ದ ಬೆಂಕಿಪೆಟ್ಟಿಗೆಯನ್ನೂ ಕೇಳಿದೆ. ಆಮೇಲೆ ಒಂದು ಹಿಡಿ ಹುಣಸೆಹಣ್ಣು ಕಟ್ಟು ಎಂದೆ. ಮಕ್ತುಮಸಾಬ ಎತ್ತಿದ ತಕ್ಕಡಿಯನ್ನು ಕೆಳಗಿಟ್ಟ. ಮುಂದಿನವರು ತಿರುಗಿದರು, ಹಿಂದಿನವರು ಒತ್ತಿ ಬಂದರು. ನನ್ನ ಗಂಡನಿಗೆ ಆ ಹುಳಿ ಆಗಿಬರುವುದಿಲ್ಲ ಎಂದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ.

'ಸಾರಿಗೋ ಕಲ್ಲವ್ವಾ, ಕೊಡಕ್ಕೋ?' ಎಂದು ಕೇಳಿದ.

ಸಾರಿಗೆ ಎಂದೆ.